ನೆರೆಮನೆ ಅಕ್ಕನ ತೋಳಿನ ನೀಲಿ ಕಲೆಗಳು

ಮೊನ್ನೆ ಸೊಸೆ ತರಿಸಿದ ಕೊಲಾಜನ್ ಪುಡಿಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಕುಡಿದರೆ ಚರ್ಮ ಹೊಳೆಯುತ್ತದಂತೆ. ಆ ಹೆಸರು ಓದಿದ್ದೇ ತಡ, ಬೈಂದೂರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಮೀನು ಮಾರುವ ಅಕ್ಕ ಕಣ್ಣ ಮುಂದೆ ಬಂದಳು...

ಅವಳ ಚರ್ಮ ತೀರಾ ತೆಳು. ತೋಳಿನ ನರಗಳೆಲ್ಲ ಹೊರಗೇ ಕಾಣುತ್ತಿದ್ದವು. ಬುಟ್ಟಿಯ ಅಂಚು ತಾಗಿದರೂ ಅಂಗೈ ಅಗಲ ನೀಲಿಗಟ್ಟುತ್ತಿತ್ತು. ಗಂಡ ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಬಂದು ಊರಲ್ಲೇ ನಿಂತ ಮೇಲೆ, ಅವನೇ ಹೊಡೆಯುತ್ತಾನೆಂದು ಕೇರಿಯಲ್ಲಿ ಗುಸುಗುಸು ಶುರುವಾಯಿತು. ಮೊದಲೇ ಮಾತು ಕಡಿಮೆಯ ಮನುಷ್ಯ, ಸುಮ್ಮನಿದ್ದುದೇ ತಪ್ಪಾಯಿತು.

ಸುದ್ದಿ ಮುಟ್ಟಿ ಬಾರ್ಕೂರಿನಿಂದ ಅವಳ ಅಣ್ಣಂದಿರು ಬಂದರು. ದೊಡ್ಡವನು ಅಂಗಳದಲ್ಲೇ ತಂಗಿಯ ಗಂಡನ ಅಂಗಿ ಹಿಡಿದ. ಅಕ್ಕ ಓಡಿಬಂದು ನಡುವೆ ನಿಂತಳು.

"ಅಣ್ಣ, ಅಮ್ಮನ ಕೈ ನೆನ್ಪಿಲ್ಯಾ? ಅದೂ ಹೀಂಗೇ ನೀಲಿ ಇರ್ತಿತ್ತಲ್ದಾ? ಆಗ ಅಪ್ಪ ಇರ್ಲಿಲ್ಲ. ಅಮ್ಮಂಗೆ ಯಾರ್ ಹೊಡ್ದದ್ದ್?"

ಅಣ್ಣನ ಕೈ ತಾನಾಗಿ ಸಡಿಲವಾಯಿತು.

ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಿಧಾನವಾಗಿ ತಿಳಿಸಿದರು: ಚರ್ಮವನ್ನೂ ರಕ್ತನಾಳಗಳನ್ನೂ ಗಟ್ಟಿಯಾಗಿ ಹಿಡಿದಿಡುವುದು ಕೊಲಾಜನ್ ಎಂಬ ನಾರು. ಅದನ್ನು ತಯಾರಿಸುವ ಜೀನ್‌ನಲ್ಲೇ ಇವಳಿಗೆ ದೋಷವಿದೆ, ತಾಯಿಯಿಂದ ಬಂದಿರಬೇಕು. ಇವಳ ಪುಟ್ಟ ಮಗಳಿಗೂ ಇರಬಹುದು, ಇಲ್ಲದೆಯೂ ಇರಬಹುದು. ಗುಣಪಡಿಸುವ ಮದ್ದಿಲ್ಲ, ಭಾರ ಎತ್ತಬಾರದು, ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಗಂಡ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಮರುದಿನದಿಂದ ಬುಟ್ಟಿ ಅವನ ತಲೆಯ ಮೇಲೆ ಬಂತು. ಮೀನಿನ ಬುಟ್ಟಿ ಹೊತ್ತ ಗಂಡಸನ್ನು ನೋಡಿ ಕೆಲವರು ನಕ್ಕರು. ಅವನು ಹೊತ್ತು ತಂದು ಇಳಿಸುತ್ತಿದ್ದ, ಅವಳು ಕುಳಿತು ಮಾರುತ್ತಿದ್ದಳು. ಹಾಗೆ ಕೆಲವು ವರ್ಷ ನೆಮ್ಮದಿಯಾಗಿಯೇ ಕಳೆದವು... ಒಂದು ಬೆಳಿಗ್ಗೆ ಹೊಟ್ಟೆನೋವೆಂದು ಕುಳಿತವಳು ಮತ್ತೆ ಏಳಲಿಲ್ಲ. ಒಳಗೆ ರಕ್ತನಾಳ ಒಡೆದಿತ್ತು. ಗಂಡನನ್ನು ತಬ್ಬಿ ಹಿಡಿದು ಕುಳಿತದ್ದು ಅದೇ ದೊಡ್ಡಣ್ಣ.

ಡಬ್ಬಿ ನೋಡಿದ ಸಂಜೆ ಅಕ್ಕನ ಮಗಳಿಗೆ ಫೋನು ಮಾಡಿದೆ. ಕುಂದಾಪುರದಲ್ಲಿದ್ದಾಳೆ, ಮೊನ್ನೆಯಷ್ಟೇ ನಿಶ್ಚಿತಾರ್ಥವಾಗಿದೆ.

"ಪರೀಕ್ಷೆ ಮಾಡ್ಸಿದೆ ಚಿಕ್ಕಿ. ಅಮ್ಮನ ದೋಷ ನಂಗೂ ಇತ್ತಂಬ್ರ್," ಎಂದಳು. ಹಾಗೇ ಮುಂದುವರಿಸಿದಳು: "ಹುಡ್ಗನ ಮನಿಯರಿಗೆಲ್ಲಾ ಮೊದ್ಲೇ ಹೇಳಿದೆ. ನಾಳೆ ನನ್ನ ಕೈ ಕಂಡ್ ಯಾರೂ ಅವ್ರ ಅಂಗಿ ಹಿಡೂದ್ ಬ್ಯಾಡ."

ಆ ಮಾತು ಕೇಳಲು ಅಕ್ಕ ಇರಬೇಕಿತ್ತು.