ತಜ್ಞರ ಶೂಗೆ ಮೆತ್ತಿದ ಗೋಡು

ರೇಣುಕಪ್ರಸಾದರನ್ನು ಮೊದಲ ಸಲ ನೋಡಿದಾಗ ಯಾರೋ ಋಷಿ ಎಂದುಕೊಂಡಿದ್ದೆ. ನೊಣವಿನಕೆರೆ ಪಕ್ಕದ ತೋಟವೊಂದರ ಬದುವಿನ ಮೇಲೆ ತೆಂಗಿನ ಮರಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಒಂಟಿ ಕಾಲಲ್ಲಿ ನಿಂತಿದ್ದರು. ಮರದ ವಯಸ್ಸು ಅವರ ಅಂಗೈಗೆ ಇಳಿಯುತ್ತಿದೆಯೆಂದು ನಾನು ಉಸಿರು ಬಿಗಿಹಿಡಿದೆ. ಆಮೇಲೆ ಕಾರಿನ ಹತ್ತಿರ ಬಂದು, ಮಣ್ಣು ತುಂಬಿದ ಶೂ ಬಿಚ್ಚಿ ಒರೆಸಲು ನನ್ನ ಕೈಗೆ ಕೊಟ್ಟಾಗಲೂ ಆ ಒಂಟಿ ಕಾಲಿನ ಕಾರಣ ಹೊಳೆಯಲಿಲ್ಲ. ಬಿ.ಕಾಂ. ಪಾಸಾದ ತಲೆ, ಬಿಸಿಯಾಗುವುದು ನಿಧಾನ. ಮಾರನೆಯ ದಿನ ನಮ್ಮ ಹಿತ್ತಲ ಮರಕ್ಕೂ ಹಾಗೇ ಕೈಯಿಟ್ಟು ನಿಂತೆ. ಅಮ್ಮ ಹಣೆ ಮುಟ್ಟಿ ನೋಡಿ, ಜ್ವರವೇನೂ ಇಲ್ಲವಲ್ಲ ಎಂದಳು.

ನಾನು ತಿಪಟೂರಿನ ಲಾಯರೊಬ್ಬರ ಗುಮಾಸ್ತ. ಫೈಲು ಹೊರುವುದು, ಟೀ ತರುವುದು, ಈಗ ತಜ್ಞರ ಶೂ ಒರೆಸುವುದು. ರೇಣುಕಪ್ರಸಾದರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ, ತೆಂಗಿನ ಮರದ ವಯಸ್ಸು ಹೇಳುವ ತಜ್ಞ ಸಾಕ್ಷಿಯಾದವರು. ಬಾಯಿ ತೆರೆದರೆ 'ವೈಜ್ಞಾನಿಕವಾಗಿ' ಎಂದೇ ಶುರು. ವಡೆಯನ್ನು ಬಿಸಿಯಿರುವಾಗಲೇ ತಿನ್ನಬೇಕೆಂಬುದನ್ನೂ ನನಗೆ ವೈಜ್ಞಾನಿಕವಾಗಿ ತಿಳಿಸಿದ್ದರು, ಮೂರನೆಯದನ್ನು ಮುರಿಯುತ್ತ. ಕೋರ್ಟಿನಲ್ಲಿ ಪ್ರಮಾಣ ಮಾಡುವಾಗ ಅವರಷ್ಟು ಗಟ್ಟಿ ದನಿ ಇನ್ಯಾರದೂ ಇರಲಿಲ್ಲ. ತಜ್ಞನಾದವನು ಕರೆತಂದವರ ಪರವಲ್ಲ, ಕೋರ್ಟಿಗೆ ನಿಜ ತಿಳಿಸಲು ಬಂದವನು ಎಂದು ನಮ್ಮ ಲಾಯರೇ ನನಗೆ ಪಾಠ ಹೇಳಿದ್ದರು. ಹೇಳಿ ಮುಗಿಸಿ, ರೇಣುಕಪ್ರಸಾದರಿಗೆ ಫೋನ್ ಮಾಡಿದ್ದರು.

ಜಗಳ ಆ ಬದುವಿನ ಮೇಲಿನ ತೆಂಗಿನ ಸಾಲಿನದು. ಮಗಳು ಶಿಲ್ಪ ಹುಟ್ಟಿದ ವರ್ಷ ತನ್ನ ಗಂಡ ನೆಟ್ಟದ್ದು ಎಂದು ಭೈರಮ್ಮ ಹೇಳುತ್ತಿದ್ದಳು. ಗಂಡ ಈಗಿಲ್ಲ, ಅವಳ ಒಲೆ ಉರಿಯುತ್ತಿದ್ದದ್ದು ಆ ಸಾಲಿನ ಕೊಬ್ಬರಿಯಿಂದ. ನಮ್ಮ ಕಕ್ಷಿದಾರ ರುದ್ರೇಶ್ ಪಕ್ಕದ ತೋಟ ಕೊಂಡದ್ದು ಶಿಲ್ಪ ಒಂದನೇ ಕ್ಲಾಸಿಗೆ ಸೇರಿದ ವರ್ಷ. ಕೊಂಡ ಮೇಲೆ ತಾನೇ ನೆಟ್ಟೆ ಎಂದು ಅವನ ವಾದ. ಹಾಗಾಗಿ ಮರದ ವಯಸ್ಸು ಐದಾರು ವರ್ಷ ಅತ್ತಿತ್ತ ಆದರೆ ಸಾಲೂ ಅತ್ತಿತ್ತ ಆಗುತ್ತಿತ್ತು.

ಗರಿ ಕಳಚಿ ಬಿದ್ದಲ್ಲೆಲ್ಲ ತೆಂಗಿನ ಕಾಂಡದ ಮೇಲೊಂದು ಗೆರೆ ಉಳಿಯುತ್ತದೆ. ಅವನ್ನು ಎಣಿಸಿದರೆ ವಯಸ್ಸಿನ ಅಂದಾಜು ಸಿಗುತ್ತದೆ. ಆದರೆ ನಮ್ಮ ಕಡೆ ಕೆರೆ ಒಣಗಿದಾಗಲೆಲ್ಲ ತಳದ ಹೂಳುಮಣ್ಣು, ಅಂದರೆ ಗೋಡು, ಹೊತ್ತು ತಂದು ಮರದ ಬುಡಕ್ಕೆ ಸುರಿಯುತ್ತಾರೆ. ಭೈರಮ್ಮ ಮತ್ತು ಅವಳ ಗಂಡ ಸುರಿದೂ ಸುರಿದೂ ಸೊಂಟದೆತ್ತರ ಕಾಂಡ ಮಣ್ಣೊಳಗೆ ಹೂತುಹೋಗಿತ್ತು. ಕೆಳಗಿನ ಗೆರೆಗಳೂ ಅದರ ಜೊತೆಗೇ. ಇದು ರೇಣುಕಪ್ರಸಾದರಿಗೆ ತಿಳಿಯದ್ದಲ್ಲ. ಹಿಂದೆ ಶೆಟ್ಟಿಕೆರೆ ಕಡೆಯ ಕೇಸೊಂದರಲ್ಲಿ ಗುದ್ದಲಿ ಹಿಡಿಸಿ ಬುಡ ಬಿಡಿಸಿ, ಬೇರಿನಿಂದ ಎಣಿಸಿದ್ದರಂತೆ. ಅಲ್ಲಿ ಕರೆತಂದವರಿಗೆ ಹಳೆಯ ಮರ ಬೇಕಿತ್ತು. ಇಲ್ಲಿ ಮಣ್ಣಿನ ಮೇಲೆ ಕಂಡಷ್ಟನ್ನೇ ಎಣಿಸಿ, ಮರವನ್ನು ಐದಾರು ವರ್ಷ ಚಿಕ್ಕದು ಮಾಡಿದರು.

ಭೈರಮ್ಮನ ಲಾಯರ್ ಪಾಟೀಸವಾಲಿನಲ್ಲಿ ಅದನ್ನೇ ಕೇಳಿದರು: ಬುಡಕ್ಕೆ ಗೋಡು ಹಾಕಿರಲಿಲ್ಲವೇ?

"ವೈಜ್ಞಾನಿಕವಾಗಿ, ಅಂಥ ಯಾವ ಕುರುಹೂ ನನಗೆ ಕಂಡುಬರಲಿಲ್ಲ" ಎಂದರು ರೇಣುಕಪ್ರಸಾದರು, ಶಾಲು ಸರಿಮಾಡಿಕೊಳ್ಳುತ್ತ.

ನಾನು ಹಿಂದಿನ ಬೆಂಚಿನಲ್ಲಿದ್ದೆ. ಆಗ ತಲೆ ಬಿಸಿಯಾಯಿತು. ಆ ಶೂಗಳಿಂದ ನಾನು ತೆಂಗಿನ ನಾರು ಹಾಕಿ ಉಜ್ಜಿ ತೆಗೆದದ್ದು ಅಪ್ಪಟ ಕೆರೆಗೋಡು. ಎರಡು ದಿನ ಉಗುರು ಬಿಟ್ಟಿರಲಿಲ್ಲ. ಫೈಲು ಹೊರುವವನನ್ನು ಕಟಕಟೆಗೆ ಯಾರೂ ಕರೆಯುವುದಿಲ್ಲ. ನಾನೂ ಸಂಬಳದ ತಾರೀಕು ನೆನೆಸಿಕೊಂಡು ಫೈಲನ್ನೇ ಅಪ್ಪಿಕೊಂಡು ಕೂತೆ. ರೇಣುಕಪ್ರಸಾದರಿಗೆ ಬೈಯುವಾಗ ನನ್ನ ಪಾಲನ್ನೂ ತೆಗೆದಿರಿಸಬೇಕಾಗುತ್ತದೆ.

ತೀರ್ಪಿನ ದಿನ ಸಾಲು ರುದ್ರೇಶನದಾಯಿತು. ಇನ್ಯಾರದೋ ಕೇಸಿಗೆ ಬಂದಿದ್ದ ರೇಣುಕಪ್ರಸಾದರು ಹೊರಗಿನ ಕ್ಯಾಂಟೀನಿನಲ್ಲಿ ವಡೆ ಮುರಿಯುತ್ತಿದ್ದರು. ನಾನು ಟೀಗೆ ನಿಂತಿದ್ದೆ. ಭೈರಮ್ಮ ಸೀದಾ ಅವರ ಮುಂದೆ ಬಂದು ನಿಂತಳು. ಅಳಲಿಲ್ಲ, ಶಾಪ ಹಾಕಲಿಲ್ಲ.

"ಒಂದ್ ಮಾತು ಕೇಳ್ತೀನಿ ಸ್ವಾಮಿ, ಬೇಜಾರ್ ಮಾಡ್ಕಬೇಡಿ. ನಿಮ್ಮುನ್ನ ನಾನೇ ಕರ್ಕಂಬಂದಿದ್ರೆ ಆ ಮರಕ್ಕೆ ಎಷ್ಟ್ ವಯಸ್ಸಾಗಿರದು?"

ಅವರು ಚಟ್ನಿ ಬಟ್ಟಲಿನಿಂದ ತಲೆ ಎತ್ತಿದರು. ಈ ಸಲ 'ವೈಜ್ಞಾನಿಕವಾಗಿ' ಬರಲಿಲ್ಲ.

"ನಿನ್ ಮಗಳಿಗೆ ಎಷ್ಟೋ ಅಷ್ಟೇ ಆಗಿರೋದು. ನೀನು ಮೊದ್ಲೇ ಬರ್ಬೇಕಿತ್ತು ಕಣಮ್ಮ."