ಗುಂಡು ಹಾರದ ಬಂದೂಕುಗಳ ಅಣ್ಣ

ಅಣ್ಣನ ಪರವಾಗಿ ಒಂದು ಮಾತು ಹೇಳುವ ಹೊತ್ತು ಬಂದಿತ್ತು. ನಾನು ಹೇಳಲಿಲ್ಲ. ನಾಲ್ಕನೇ ಇಯತ್ತೆ ಓದಿದವಳು ನಾನು, ಬರೆಯುವುದು ರೂಢಿಯಿಲ್ಲ. ಆದರೂ ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಹೊಗಳಿಕೆಯಾಗುತ್ತದೆ.

ಅವನ ಅಂಗೈ ಯಾವಾಗಲೂ ಅಗಸೆ ಎಣ್ಣೆಯಿಂದ ಹಳದಿಗಟ್ಟಿರುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ನಾವೆಲ್ಲ ಅಗಸೆ ಕುಟ್ಟಿ ಹಿಂಡಿ ಚಟ್ನಿ ಮಾಡಿ ತಿನ್ನುವವರು, ಅವನು ಅದರ ಎಣ್ಣೆಯನ್ನು ಬಂದೂಕಿನ ಕಟ್ಟಿಗೆಗೆ ಕುಡಿಸುತ್ತಿದ್ದ.

ಬಸವಕಲ್ಯಾಣದಲ್ಲಿ ಅವನದು ಬಾಗಿಲು, ಕಿಟಕಿ ಮಾಡುವ ಕೆಲಸ. ಮಕ್ಕಳಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ಒಮ್ಮೆ ತೇಗ ತರಲು ಹೈದರಾಬಾದಿಗೆ ಹೋದವನು ಗುಜರಿ ಅಂಗಡಿಯೊಂದರಲ್ಲಿ ಎರಡನೇ ಮಹಾಯುದ್ಧದ ಕಾಲದ ಬಂದೂಕುಗಳ ಕಟ್ಟಿಗೆ ನೋಡಿದ. ಕಬ್ಬಿಣವನ್ನೆಲ್ಲ ಕತ್ತರಿಸಿ ಕರಗಿಸಲು ಒಯ್ದಿದ್ದರು. ಕಟ್ಟಿಗೆ ಉರುವಲಿಗೆಂದು ಮೂಲೆಗೆ ಬಿದ್ದಿತ್ತು. ತೇಗ ಬಿಟ್ಟು ಅದನ್ನೇ ಹೊತ್ತು ತಂದ.

ಆಮೇಲೆ ಅದೊಂದು ಹುಚ್ಚಾಯಿತು. ಎಲ್ಲಿ ಹಳೇ ಕಟ್ಟಿಗೆ ಸಿಕ್ಕಿದರೂ ತರುವುದು, ನಳಿಗೆಯ ಜಾಗಕ್ಕೆ ನೀರಿನ ಪೈಪು ಕೂರಿಸಿ ಒಳಗೆ ಸೀಸ ತುಂಬಿಸುವುದು. ಒಂದೊಂದು ಗುಂಡಿಗೂ ಕೈಯಿಂದ ಎಳೆದು ತಳ್ಳಬೇಕಾದ ಬೋಲ್ಟು ಆ ಕಾಲದ ಬಂದೂಕುಗಳ ಗುರುತಂತೆ. ಅದನ್ನು ಬಾಗಿಲ ಚಿಲಕದಿಂದ ಮಾಡುತ್ತಿದ್ದ. "ಚಿಲಕಾ ಹಾಕ್ದಂಗ ನೋಡು ತಂಗೆವ್ವ. ಎತ್ತು, ಜಗ್ಗು, ದಬ್ಬು, ಕೆಳಗ ಹೊಳ್ಳಿಸು" ಎಂದು ತೋರಿಸುತ್ತಿದ್ದ. ಇಂಗ್ಲಿಷರದು, ಜರ್ಮನರದು, ಜಪಾನಿನದು ಎಂದು ಪಡಸಾಲೆಯ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ. ಜಪಾನಿನದರ ಹಿಂಬದಿಗೆ ಎರಡು ತುಂಡು ಕಟ್ಟಿಗೆ ಕೂಡಿಸಿದ್ದರು. ಆ ಜೋಡಣೆಯ ಮೇಲೆ ಬೆರಳಾಡಿಸಿ, "ಇದನ್ನ ಮಾಡ್ದಂವ ನಮ್ಮ ಪೈಕಿನೇ" ಎಂದು ನಗುತ್ತಿದ್ದ.

ಪಕ್ಕದ ಹಿಟ್ಟಿನ ಗಿರಣಿಯವಳು ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದಳು: "ಏನ್ ಕಾಕಾ, ಯಾವ ದೇಶದ ಮ್ಯಾಲೆ ಹೊಂಟೀರಿ?"

"ಮೊದ್ಲ ನಿನ್ನ ಗಿರಣ್ಯಾಗಿನ ಇಲಿ ಮ್ಯಾಲೆ. ಅವು ಶರಣಾಗ್ಲಿ, ಮುಂದ ನೋಡೋಣಂತ."

ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆದೊಯ್ಯಲು ಅವನೇ ಹುಮನಾಬಾದಿಗೆ ಬರುತ್ತಿದ್ದ. ತವರಿಗೆ ಹೋದವಳು ಜೋಕಾಲಿ ಜೀಕುವುದು ಬಿಟ್ಟು ಅವನೆದುರು ಕೂತು ಪೈಪು ಹಿಡಿಯುತ್ತಿದ್ದೆ, ಅವನು ಕೊಯ್ಯುತ್ತಿದ್ದ. ಒಮ್ಮೆ ನನ್ನ ಕೈಯನ್ನು ಒಂದು ಕಟ್ಟಿಗೆಯ ಮೇಲಿಟ್ಟ. ಅಲ್ಲಿ ಚೂರು ತಗ್ಗು, ನುಣುಪು. "ಗುರಿ ಹಿಡ್ಯಾಗ ಗಲ್ಲ ಇಟ್ಟ ಜಾಗ. ಯಾರ ಮಗಾನೋ ಏನೋ. ಮನಿಗಿ ಹೊಳ್ಳಿ ಹೋದ್ನೋ ಇಲ್ಲೋ." ಆ ತಗ್ಗನ್ನು ಅವನು ಎಂದೂ ಉಜ್ಜಿ ಸಮ ಮಾಡಲಿಲ್ಲ. ಹೆಂಡತಿಯಿಲ್ಲದ ಆ ಮನೆಯಲ್ಲಿ ಅವನಿಗೆ ಜೊತೆ ಯಾರು ಎಂದು ನನಗೆ ಆಗ ತಿಳಿಯಿತು.

ಆ ದಿನ ನನ್ನ ಮಗಳನ್ನು ನೋಡಲು ಮನ್ನಾಏಖೇಳ್ಳಿಯವರು ಬಂದಿದ್ದರು. ಉಪ್ಪಿಟ್ಟು ಮುಗಿದು ಚಹಾ ಕೊಡುತ್ತಿದ್ದೆ. ಮನೆಯೆದುರು ಪೊಲೀಸ್ ಜೀಪು ನಿಂತಿತು. ಒಳಗೆ ಅಣ್ಣ ಕೂತಿದ್ದ. ಮನೆ ತುಂಬ ಬಂದೂಕು ಇಟ್ಟಿದ್ದಾನೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಪೊಲೀಸರು ತಮ್ಮ ಕೆಲಸಕ್ಕೆ ಬಂದವರು, ಮರ್ಯಾದೆಯಿಂದಲೇ ಕೇಳಿದರು.

"ಅಕ್ಕಾರ, ಇವ್ರು ನಿಮ್ಮ ಅಣ್ಣನವ್ರಂತಲ್ಲ. ಪೈಪಿಂದ ಮಾಡೀನಿ, ಮಾಡಾಗ ನಮ್ಮ ತಂಗಿ ಎದುರಿಗಿದ್ಳು ಅನ್ಲಾಕತ್ತಾರ. ಖರೆ ಏನ್ರಿ?"

ಹಿಂದೆ ಬೀಗರ ಮಾತು ನಿಂತುಹೋಯಿತು. ನಮ್ಮ ಯಜಮಾನರು ನನ್ನನ್ನೇ ನೋಡುತ್ತಿದ್ದರು.

"ನನಗೇನೂ ಗೊತ್ತಿಲ್ರಿ" ಎಂದೆ. "ನಾ ಅವ್ರ ಮನಿಗಿ ಹೋಗಿ ಭಾಳ ವರ್ಷ ಆಯ್ತು."

ಅಣ್ಣ ಎನ್ನಲೂ ಬಾಯಿ ಬರಲಿಲ್ಲ. ಅವನು ಜೀಪಿನಿಂದ ನಮ್ಮ ಹೊಸ್ತಿಲ ಹೊರಗಿದ್ದ ಹೊಸ ಚಪ್ಪಲಿಗಳ ಸಾಲನ್ನು ನೋಡಿದ. ನನ್ನ ಮೈಮೇಲಿನ ರೇಷ್ಮೆ ಸೀರೆ ನೋಡಿದ. ಅವನಿಗೆ ಗೊತ್ತಾಯಿತು.

"ಹೌದ್ರಿ ಸಾಹೇಬ್ರ, ನಂದೇ ಮರವು. ಆಕಿ ಬಂದೇ ಇಲ್ಲ" ಎಂದ.

ಬಂದೂಕುಗಳು ಪರೀಕ್ಷೆಗೆ ಹೋದವು. ಇವು ಗುಂಡು ಹಾರುವ ಬಂದೂಕಲ್ಲ ಎಂದು ಬರೆದು ಅವನನ್ನು ಬಿಡಲು ಮಳೆಗಾಲ ಕಳೆಯಿತು. ನಾನು ನಿಜ ಹೇಳಿದ್ದರೆ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ, ಹೇಳಲಾರೆ. ಆದರೆ ಓಣಿಯವರು ತಮ್ಮ ತೀರ್ಪು ಮೊದಲೇ ಬರೆದಿದ್ದರು. ಬಾಗಿಲು ಮಾಡಿಸಲು ಬರುವವರು ಕಡಿಮೆಯಾದರು. ಗಿರಣಿಯವಳು ಹಿಟ್ಟು ಕೊಡುತ್ತಿದ್ದಳು, ತಮಾಷೆ ಮಾಡುತ್ತಿರಲಿಲ್ಲ. ಬಂದೂಕುಗಳು ಮನೆಗೆ ಬಂದ ಮೇಲೆ ಅಣ್ಣ ಅವನ್ನು ಮತ್ತೆ ಗೋಡೆಗೆ ನಿಲ್ಲಿಸಿದ. ನೋಡಲು ಯಾರೂ ಬರಲಿಲ್ಲ.

ಮಗಳ ಮದುವೆ ಅದೇ ಮನ್ನಾಏಖೇಳ್ಳಿಗೆ ಆಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕು. ಅಣ್ಣ ಮಂಟಪದ ಕೊನೆಯ ಕಂಬದ ಬಳಿ ನಿಂತಿದ್ದ. ನಾನು ಕರೆಯಲಿಲ್ಲ. ಅವನ ಬದಲು ನಮ್ಮ ದೊಡ್ಡಪ್ಪನ ಮಗ ನಿಂತ.

ಮುಂದಿನ ಪಂಚಮಿಗೂ ಅವನು ಕರೆಯಲು ಬಂದ. ಬಸ್ಸಿನಲ್ಲಿ ಕಿಟಕಿಯ ಬದಿ ನನಗೆ ಬಿಟ್ಟ. ರಾಜೇಶ್ವರ ಊರು ದಾಟಲಿ, ಹೇಳುತ್ತೇನೆ ಎಂದುಕೊಂಡೆ. ರಾಜೇಶ್ವರ ದಾಟಿತು.

"ಅಣ್ಣಾ..."

"ಮಗಳು ಸುಖದಾಗ ಇದಾಳಿಲ್ಲೋ?"

"ಇದಾಳ."

"ಮತ್ತೇನ್ ಬೇಕು ಬಿಡು" ಎಂದು ಹೊರಗೆ ತೊಗರಿ ಹೊಲ ನೋಡುತ್ತ ಕೂತ. ಅವನು ನನ್ನ ದಾರಿ ಸುಲಭ ಮಾಡಿದ. ನಾನು ಆ ಸುಲಭವನ್ನೇ ಹಿಡಿದುಕೊಂಡೆ.

ಈ ಸಂಕ್ರಾಂತಿಯ ಹಿಂದುಮುಂದು ಗಿರಣಿಯವಳ ಫೋನು ಬಂತು. ಅಣ್ಣ ನಿದ್ದೆಯಲ್ಲೇ ಹೋಗಿದ್ದ. ನಮ್ಮಲ್ಲಿ ತೀರಿದವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು ಪಡಸಾಲೆಯಲ್ಲಿ ಕೂರಿಸಿದ್ದರು. ಬೀಗರೂ ಬಂದಿದ್ದರು, ಓಣಿಯವರೂ ಇದ್ದರು. ಹಿಂದಿನಿಂದ ಒಬ್ಬಳು ಇನ್ನೊಬ್ಬಳಿಗೆ, "ಬಂದೂಕಿಂದು ಕೇಸ್ ಆಗಿತ್ತಲ್ಲ, ಇವ್ರೇ. ಸ್ವಂತ ತಂಗೀನೇ ನನಗ ಗೊತ್ತಿಲ್ಲ ಅಂದ್ಳಂತ. ಏನೋ ಇದ್ದೇ ಇರ್ಬೇಕು" ಎಂದಳು.

ನಾನು ಎದ್ದು ಅವನ ಎದುರು ಹೋಗಿ ಕೂತೆ. ಯಜಮಾನರು ನನ್ನ ತೋಳು ಹಿಡಿದರು, ಬಿಡಿಸಿಕೊಂಡೆ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅಣ್ಣಾ, ನಾ ಕಂಡಿದ್ದೆ. ನೀ ಮಾಡಾಗ ನಾ ಎದುರಿಗೇ ಕೂತಿದ್ದೆ. ಬೀಗರ ಮುಂದ ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ಸುಳ್ಳು ಹೇಳ್ದೆ. ನಂದು ತಪ್ಪಾಯ್ತೋ ಅಣ್ಣಾ."