ಅಣ್ಣನ ಹೆಸರಿಗೆ ಮೂಡದ ಶಾಯಿ

ಚರ್ಚಿನ ಧ್ಯಾನಕೂಟಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಯಾರಿಗೋ ಕನಸಿನಲ್ಲಿ ದೇವಮಾತೆ ಕಾಣಿಸಿಕೊಂಡಳಂತೆ, ಯಾರದೋ ಮಂಡಿನೋವು ಕೈಯಿಟ್ಟ ಕೂಡಲೇ ಹೋಯಿತಂತೆ. ನಾನು ಎಚ್.ಡಿ. ಕೋಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ಹಾಗೆಂದು ಈ ಕಥೆಗಳನ್ನು ನಂಬಿದವಳೂ ಅಲ್ಲ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ನಗುವುದಾದರೆ ನಗಿ. ಇದನ್ನು ಓದಿ ಯಾರ ಭಕ್ತಿಯೂ ಹೆಚ್ಚಬೇಕೆಂಬ ಆಸೆ ನನಗಿಲ್ಲ.

ಮೊದಲು ನನ್ನ ಸಿಟ್ಟಿನ ವಿಷಯ. ಅವ್ವ ಭೇರ್ಯದ ಕಡೆ ನಮ್ಮೂರಿನಲ್ಲಿ ಅಣ್ಣ ಇನ್ನಾಸಪ್ಪನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದು ವಾರದ ಮೇಲಾಗಿದ್ದರೂ ಅಣ್ಣ ನನಗೊಂದು ಮಾತು ತಿಳಿಸಲಿಲ್ಲ. ಒಂದು ಸಂಜೆ ಅತ್ತಿಗೆ ಫೋನ್ ಮಾಡಿ, "ಅವ್ವನ ಮಣ್ಣಾಯ್ತು ಕಣವ್ವ" ಅಂದಳು. ಕೋಟೆಯಿಂದ ಹುಣಸೂರು, ಅಲ್ಲಿಂದ ಕೆ.ಆರ್. ನಗರ ಅಂತ ಬಸ್ಸು ಬದಲಿಸಿಕೊಂಡು ಹೋಗಿ ನಿಂತಾಗ ನನಗೆ ಸಿಕ್ಕಿದ್ದು ಹಸಿ ಮಣ್ಣಿನ ದಿಬ್ಬ ಮತ್ತು ಅದರ ಮೇಲೊಂದು ಬಾಡಿದ ಸೇವಂತಿಗೆ ಹಾರ. ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ಅಣ್ಣ ಮುಖ ಎತ್ತಲಿಲ್ಲ.

"ನೀನು ಬಂದಿದ್ರೆ ಬಾಯಿ ಮಾಡ್ತಿದ್ದೆ. ಅವ್ವ ನೆಮ್ಮದಿಯಾಗಿ ಓಗ್ಲಿ ಅಂತ ಯೋಳ್ಲಿಲ್ಲ, ಬುಡು."

ಬಾಯಿ ಮಾಡುತ್ತಿದ್ದೆನೋ ಏನೋ. ಅವ್ವನಿಗೆ ಸರಿಯಾಗಿ ಔಷಧಿ ಕೊಡಿಸಿ ಎಂದು ಹಿಂದೆ ಜಗಳ ಆಡಿದ್ದು ನಿಜ. ಅದಕ್ಕೆ ಹೆತ್ತ ತಾಯಿಯ ಮುಖ ನೋಡದ ಶಿಕ್ಷೆಯೇ? ಕೊನೆಕೊನೆಗೆ ಅವ್ವ ಬಾಗಿಲ ಕಡೆ ನೋಡಿ ನನ್ನ ಹೆಸರು ಕರೆಯುತ್ತಿದ್ದಳು ಅಂತ ಅತ್ತಿಗೆಯೇ ಬಾಯಿಬಿಟ್ಟಳು. ಅದನ್ನು ಕೇಳಿದ ಮೇಲೆ ಅಣ್ಣನ ಮನೆಯಲ್ಲಿ ನಾನು ನೀರು ಕೂಡ ಕುಡಿಯಲಿಲ್ಲ.

ಮುಂದಿನ ತಪಸ್ಸುಕಾಲಕ್ಕೆ, ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳಿಗೆ, ನಮ್ಮ ಚರ್ಚಿನ ಸಿಸ್ಟರ್ ಒಂದು ಪದ್ಧತಿ ಶುರು ಮಾಡಿದರು. ಪಾಸ್ಕ ಹಬ್ಬದವರೆಗೆ ದಿನಾ ಬೆಳಿಗ್ಗೆ ಒಂದು ಪುಟ ದೇವರಿಗೆ ಬರೆಯಬೇಕು. ಮೊದಲ ಸಾಲಿನಲ್ಲೇ ಯಾರಾದರೂ ಒಬ್ಬರ ಹೆಸರಿರಬೇಕು: 'ಪ್ರಭುವೇ, ಇಂದು ಇಂಥವರ ವಿಷಯ ನಿನ್ನೊಡನೆ ಮಾತಾಡಬೇಕು.' ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆಯಬೇಕು. ಹಬ್ಬದ ಹಿಂದಿನ ಪವಿತ್ರ ಶನಿವಾರ ಚರ್ಚಿನ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರಲ್ಲ, ಯಾರೂ ಓದದೆ ನೋಟ್‌ಬುಕ್ಕುಗಳನ್ನು ಅದಕ್ಕೆ ಹಾಕಿಬಿಡಬೇಕು. "ಬೈಬೇಕು ಅನ್ನಿಸಿದ್ರೆ ಬೈದೇ ಬರೀರಿ, ದೇವರು ತಡ್ಕೋತಾರೆ" ಅಂತ ಸಿಸ್ಟರ್ ಹೇಳಿದ ಮೇಲೆ ನಾನು ಯಾಕೆ ಸುಮ್ಮನಿರಲಿ. ದಿನಾ ಇನ್ನಾಸಪ್ಪನ ಹೆಸರೇ ಬರೆದೆ. ಶಾಯಿ ಚೆನ್ನಾಗಿಯೇ ಮೂಡುತ್ತಿತ್ತು.

ಅವ್ವನ ವರ್ಷದ ಪೂಜೆ ಹತ್ತಿರ ಬಂತು. ಕರೆಯಲು ಅಣ್ಣ ತಾನು ಬರದೆ ಅತ್ತಿಗೆಯನ್ನು ಕಳಿಸಿದ. ನನಗೆ ತಲೆ ಕೆಟ್ಟುಹೋಯಿತು. ಮರುದಿನ ಬೆಳಿಗ್ಗೆ, ಹಾಲಿನವನು ಬಂದು ಹೋದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕೂತೆ. ಏನು ಬರೆಯಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದೆ. ಅವನಿಗೂ ಕೊನೆಗಾಲದಲ್ಲಿ ಬೇಕಾದವರ ಮುಖ ಕಾಣದೆ ಹೋಗಲಿ. ಇಷ್ಟೇ. 'ಪ್ರಭುವೇ, ಇಂದು' ಎಂದು ಬರೆದೆ. ಅಣ್ಣನ ಹೆಸರು ಬರೆದೆ. ಹೆಸರು ಮೂಡಲಿಲ್ಲ.

ಪೆನ್ನು ಹೋಯಿತು ಅಂದುಕೊಂಡು ಪುಟದ ಅಂಚಿನಲ್ಲಿ ಗೀಚಿದೆ, ಬರೆಯಿತು. ಹಾಲಿನವನ ಹೆಸರು ಬರೆದೆ, ಹೆಡ್‌ಮಾಸ್ಟರರ ಹೆಸರು ಬರೆದೆ, ಎರಡೂ ಮೂಡಿದವು. ಮತ್ತೆ ಇನ್ನಾಸಪ್ಪ ಎಂದು ಒತ್ತಿ ಬರೆದರೆ ಕಾಗದದ ಮೇಲೆ ಬರೀ ಗೀರು. ಬೇರೆ ಪೆನ್ನು ತಂದೆ. ಅದೂ ಹಾಗೆಯೇ.

ನಮ್ಮ ಯಜಮಾನರನ್ನು ಕರೆದೆ. ಅವರು ನೋಡಿ, "ಕೈಲಿ ಎಣ್ಣೆ ಪಸೆ ಐತೆ ಕಣೆ, ಸೋಪಾಕಿ ತೊಳ್ಕೊ ಓಗು" ಅಂದರು. ತಾವೇ ನನ್ನ ಪೆನ್ನು ತೆಗೆದುಕೊಂಡು ಆ ಗೀರುಗಳ ಕೆಳಗೇ ಭಾವನ ಹೆಸರು ಬರೆದರು. ದಪ್ಪಗೆ, ನೀಲಿಯಾಗಿ ಮೂಡಿತು. ನಾನು ಕೈ ತೊಳೆದು ಒರೆಸಿಕೊಂಡು ಬಂದು ಅದರ ಪಕ್ಕದಲ್ಲೇ ಬರೆದೆ. ಗೀರು. ಅವರು ನೋಟ್‌ಬುಕ್ಕನ್ನು ಮಡಚಿಟ್ಟು, "ಬುಡು ಇವತ್ತು, ಸ್ಕೂಲಿಗೆ ಒತ್ತಾಯ್ತದೆ" ಅಂದರು.

ನನಗೆ ಭಯವಾಗಲಿಲ್ಲ, ಕೋಪ ಬಂತು. ಅಣ್ಣನ ಮೇಲಲ್ಲ, ದೇವರ ಮೇಲೆ. ಅವ್ವ ಬಾಗಿಲು ನೋಡುತ್ತಾ ಮಲಗಿದ್ದಾಗ ಒಬ್ಬರ ಕೈಯಲ್ಲಿ ಒಂದು ಫೋನ್ ಮಾಡಿಸಲು ಇವನಿಗೆ ಪುರುಸೊತ್ತಿರಲಿಲ್ಲ. ನನ್ನ ಪೆನ್ನು ಹಿಡಿದು ನಿಲ್ಲಿಸಲು ಮಾತ್ರ ಬೆಳಗಾಗುತ್ತಲೇ ಬಂದ. ಹಾಗಂತ ನಾನು ಗೋಡೆಯ ಶಿಲುಬೆ ನೋಡಿಕೊಂಡು ಗಟ್ಟಿಯಾಗಿಯೇ ಹೇಳಿದೆ.

ವರ್ಷದ ಪೂಜೆಗೆ ಹೋದೆ, ಅವ್ವನಿಗಾಗಿ. ಊರಿನ ಚರ್ಚಿನಲ್ಲಿ ಪೂಜೆ ಯಾರಿಗಾಗಿ, ಮಾಡಿಸುವವರು ಯಾರು ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಅಣ್ಣ ಚೀಟಿಯನ್ನು ನನ್ನ ಮುಂದೆ ಹಿಡಿದು, "ನೀನೇ ಬರಿಯವ್ವ" ಅಂದ. ಅದೇ ಪೆನ್ನು ತೆಗೆದು ಅವ್ವನ ಹೆಸರು ಬರೆದೆ, ನನ್ನದು ಬರೆದೆ. ಮೂರನೆಯದು ಮೂಡುವುದಿಲ್ಲ, ನೋಡಲಿ ಇವನೂ, ಅಂದುಕೊಂಡು ಇನ್ನಾಸಪ್ಪ ಎಂದು ಬರೆದೆ. ಒಂದಕ್ಷರವೂ ಬಿಡದೆ ಮೂಡಿತು. ಆ ಚೀಟಿಯನ್ನು ಹರಿದು ಹಾಕಬೇಕು ಅನ್ನಿಸಿತು. ಅವ್ವನ ಹೆಸರಿತ್ತಲ್ಲ, ಕೊಟ್ಟೆ.

ಆ ವರ್ಷ ನನ್ನ ನೋಟ್‌ಬುಕ್ಕನ್ನು ಬೆಂಕಿಗೆ ಹಾಕಲಿಲ್ಲ. ಆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನನ್ನ ಗೀರುಗಳು ಈಗಲೂ ಕಾಣುತ್ತವೆ, ನಡುವೆ ಯಜಮಾನರ ನೀಲಿ ಅಕ್ಷರ. ಎಣ್ಣೆಯ ಪಸೆ, ಕಾಗದದ ನುಣುಪು, ನನ್ನ ಕೈಯ ನಡುಕ ಎಂದು ಮಕ್ಕಳಿಗೆ ಹೇಳುವ ಕಾರಣಗಳನ್ನೆಲ್ಲ ನನಗೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ಒಪ್ಪಿಗೆಯಾಗಿಲ್ಲ. ಪವಾಡ ಅನ್ನಲೂ ಮನಸ್ಸು ಬರುವುದಿಲ್ಲ.

ಈಗ ಮತ್ತೆ ತಪಸ್ಸುಕಾಲ. ನಿನ್ನೆ ಅತ್ತಿಗೆ ಫೋನ್ ಮಾಡಿದಳು. ಅಣ್ಣ ಮೈಸೂರಿನ ಆಸ್ಪತ್ರೆಯಲ್ಲಿದ್ದಾನೆ. "ನಿನ್ನೇ ಕೇಳ್ತಾವ್ರೆ ಕಣವ್ವ, ಬಾಗ್ಲೇ ನೋಡ್ತಾರೆ" ಅಂದಳು. ನೋಡೋಣ ಅಂದು ಫೋನ್ ಇಟ್ಟೆ. ನಾನು ಹೋಗದಿದ್ದರೆ ಸಾಕು, ಆ ದಿನ ಬರೆಯಲಾಗದೆ ಹೋದ ಶಾಪ ತಾನಾಗಿಯೇ ಫಲಿಸುತ್ತದೆ.

ಇವತ್ತು ಬೆಳಿಗ್ಗೆ ಹೊಸ ನೋಟ್‌ಬುಕ್ ತೆಗೆದು 'ಪ್ರಭುವೇ, ಇಂದು' ಎಂದು ಬರೆದು ನಿಲ್ಲಿಸಿದೆ. ಹೆಸರು ಬರೆಯಲು ಧೈರ್ಯ ಬರಲಿಲ್ಲ. ಮೂಡದಿದ್ದರೆ ಸಿಟ್ಟು ಬರುತ್ತದೆ, ಅದು ನನಗೆ ಅಭ್ಯಾಸವಾಗಿದೆ. ಈ ಸಲ ಮೂಡಿಬಿಟ್ಟರೆ, ಅವನಿಗೆ ಕೇಡು ಬಯಸುವ ಮನಸ್ಸು ನನಗಿಲ್ಲವೆಂದೇ ಆಗುತ್ತದೆ; ಆಗ ಏನು ಮಾಡಲಿ? ಪೆನ್ನು ಮುಚ್ಚಿಟ್ಟು, ಮೈಸೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಯಜಮಾನರನ್ನು ಕೇಳಿದೆ. ಕ್ಷಮಿಸಿದೆ ಎಂದು ಯಾರೂ ತಿಳಿಯಬೇಡಿ.